ಬ್ರೇಕ್ ಪೈಪಿನ ಪಕ್ಕದ ದಾರಿ

ಸೈಲೆನ್ಸರ್ ಅಂಗಡಿಯ ಬೋರ್ಡಿನಲ್ಲಿರುವುದು ಗಂಡನ ಹೆಸರು. ಒಳಗೆ ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ ವೆಲ್ಡಿಂಗ್ ಮಾಡುವವಳು ಹೆಂಡತಿ. ಮದುವೆಗೆ ಮುಂಚೆ ಅಣ್ಣನ ಗೇಟು-ಗ್ರಿಲ್ಲಿನ ಶೆಡ್ಡಿನಲ್ಲಿ ಪಳಗಿದ ಕೈ ಅದು. ಕೆಲಸ ಚೆನ್ನಾಗಿ ಬಂದರೆ ಗಿರಾಕಿಗಳು ಗಂಡನ ಬೆನ್ನು ತಟ್ಟುತ್ತಾರೆ; ಕೆಟ್ಟರೆ ಮಾತ್ರ ಅವರಿಗೆ ಹೆಂಡತಿ ಕಾಣಿಸುತ್ತಾಳೆ. ನಮ್ಮ ಗಂಡಸರ ಕಣ್ಣಿನ ಈ ಕಾಯಿಲೆಗೆ ಯಾವ ಡಾಕ್ಟರೂ ಇನ್ನೂ ಕನ್ನಡಕ ಬರೆದುಕೊಟ್ಟಿಲ್ಲ.

ಮೊನ್ನೆ ಒಂದು ಹಳೇ ಕಾಲದ ಕಾರು ಬಂತು. ಮಾಲೀಕನಿಗೆ ಅದರಲ್ಲಿ ಟರ್ಬೊ ಇಂಜಿನ್ ಕೂರಿಸುವ ಆಸೆ. ಇಂಜಿನ್ ಕೂರಿಸಿದ್ದು ಗಂಡ. ಹೊಗೆ ಪೈಪಿಗೆ ದಾರಿ ಹುಡುಕುವುದು ಅವಳ ಪಾಲು.

"ಇದನ್ನೂ ಮೇಡಮ್ಮೇ ಮಾಡ್ತಾರಾ? ಅಡುಗೆಮನೆ ಕೆಲಸ ಅಲ್ಲ ಇದು," ಎಂದ ಮಾಲೀಕ.

ಅವಳು ಗಂಡನತ್ತ ಕೈ ತೋರಿಸಿದಳು. "ನಮ್ಮನೇಲಿ ಅಡುಗೆ ಇವರದ್ದು ಸಾರ್. ಕೆಟ್ಟರೆ ಇವರನ್ನೇ ಕೇಳಿ."

ಹೊಗೆ ಉಗುಳುವ ಟರ್ಬೊ ಬಾಯಿಂದ ಪೈಪು ಕೆಳಗಿಳಿಯಲು ಜಾಗವೇ ಇರಲಿಲ್ಲ. ಒಂದು ಕಡೆ ಸ್ಟೇರಿಂಗ್ ರಾಡು, ಇನ್ನೊಂದು ಕಡೆ ಬ್ರೇಕ್ ಪೈಪು. ಅವಳು ಎಂದಿನಂತೆ ಮೊದಲು ದಪ್ಪ ತಂತಿಯೊಂದನ್ನು ಬಗ್ಗಿಸಿ, ನಡುವೆ ತೂರಿಸಿ ದಾರಿ ನೋಡಿಕೊಂಡಳು. ಆಮೇಲೆ ಆ ತಂತಿಯ ಬಳುಕಿಗೆ ತಕ್ಕಂತೆ ಪೈಪನ್ನು ತುಂಡರಿಸಿ ಬೆಸೆದಳು. ಬ್ರೇಕ್ ಪೈಪಿಗೂ ಅದಕ್ಕೂ ಹೆಬ್ಬೆರಳು ತೂರುವಷ್ಟು ಸಂದು. ಮಾಲೀಕ ಬಗ್ಗಿ ನೋಡಿ, ಗಾಡಿ ಬೆಳಿಗ್ಗೆ ಒಯ್ಯುತ್ತೇನೆಂದು ಗಂಡನ ಕೈ ಕುಲುಕಿ ಹೋದ. ಮರುದಿನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೆಟ್ಟದ ರಸ್ತೆಗೆ ಹೊರಡುವವನಿದ್ದ.

ಅವನು ಹೋದ ಮೇಲೆ ಗಂಡ ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಜೋರಾಗಿ ಒತ್ತಿದ. ಇಂಜಿನ್ ಪಕ್ಕಕ್ಕೆ ವಾಲಿತು. ಅವಳ ಪೈಪು ಹೋಗಿ ಬ್ರೇಕ್ ಪೈಪಿಗೆ ಒರಗಿತು. ನಿಂತ ಇಂಜಿನ್ನಿಗೆ ಅಳತೆ ಹಿಡಿದಿದ್ದಳು, ಓಡುವ ಇಂಜಿನ್ ತೂಗಾಡುವುದನ್ನು ಮರೆತಿದ್ದಳು. ಕೆಂಡದಂಥ ಪೈಪು ತಗುಲಿದರೆ ಬ್ರೇಕಿನ ಎಣ್ಣೆ ಕುದಿಯುತ್ತದೆ. ಇಳಿಜಾರಿನಲ್ಲಿ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ.

"ಶಾಖ ತಡೆಯೋ ಬಟ್ಟೆ ಸುತ್ತಿ ಕೊಟ್ಟುಬಿಡೋಣ ಕಣೇ. ಅದರಡಿ ಯಾರು ತಲೆ ಹಾಕ್ತಾರೆ?" ಎಂದ ಗಂಡ.

"ಬಟ್ಟೆ ಸವೆದ ಮೇಲೆ?"

"ಬಿಚ್ಚಿದ್ರೆ ಅವನು ಏನಂತಾನೆ ಗೊತ್ತಲ್ಲ?"

"ಹೆಂಗಸಿನ ಕೈ ಅಂತಾನೆ. ಅನ್ಲಿ ಬಿಡಿ. ಫೋನ್ ಮಾಡಿ ಹೇಳಿ."

ಗಂಡ ಫೋನ್ ಹುಡುಕುವಷ್ಟರಲ್ಲಿ ಅವಳು ಕಟರ್ ಹಚ್ಚಿ ಪೈಪನ್ನು ಎರಡು ಮಾಡಿಯಾಗಿತ್ತು.

ಮಾಲೀಕ ಬುಸುಗುಟ್ಟುತ್ತ ಬಂದ. "ನಾನು ಮೊದಲೇ ಹೇಳಿರಲಿಲ್ವಾ?"

"ಹೇಳಿದ್ರಿ ಸಾರ್. ಅಳತೆ ತಪ್ಪಿದ್ದು ನಂದೇ."

ಗಂಡ ಸ್ಪ್ಯಾನರ್ ಕೆಳಗಿಟ್ಟ. "ನಂದೂ ಇದೆ ಸಾರ್. ಇಂಜಿನ್ ಕೆಳಗೆ ಮೆತ್ತನೆ ರಬ್ಬರ್ ಕೊಟ್ಟಿದ್ದು ನಾನು. ಅದಕ್ಕೇ ಅಷ್ಟು ವಾಲ್ತಿರೋದು."

ಮಾಲೀಕ ನಕ್ಕುಬಿಟ್ಟ. "ಬಿಡಯ್ಯ, ಹೆಂಡ್ತೀನ ಬಿಟ್ಟುಕೊಡಲ್ಲ ನೀನು!"

ನೋಡಿ, ಗಂಡಸು ತಾನಾಗಿ ತಪ್ಪು ಒಪ್ಪಿಕೊಂಡರೂ ನಂಬುವವರಿಲ್ಲ. ಅದೂ ಹೆಂಗಸಿನ ಲೆಕ್ಕಕ್ಕೇ ಹೋಗಬೇಕು. ಅವಳು ವಾದಕ್ಕೆ ನಿಲ್ಲಲಿಲ್ಲ.

"ನಾಡಿದ್ದು ಬನ್ನಿ ಸಾರ್. ಇವರು ಆಕ್ಸಿಲರೇಟರ್ ಒತ್ತಲಿ, ನೀವೇ ಕೆಳಗೆ ಮಲಗಿ ನೋಡಿ. ತಗುಲಲ್ಲ ಅಂತ ಗೊತ್ತಾದ ಮೇಲೇ ಗಾಡಿ ಒಯ್ಯಿರಿ."

"ನಾನಾ? ಈ ಬಟ್ಟೆಯಲ್ಲಾ?"

"ಇವರದ್ದೊಂದು ಹಳೇ ಅಂಗಿ ಕೊಡ್ತೀನಿ ಬಿಡಿ."