ದನಿ ತಿನ್ನುವ ಕೌದಿ

ಮೊನ್ನೆ ಚಳಿ ಜೋರಾಯಿತೆಂದು ಟ್ರಂಕು ತೆಗೆದೆ. ಮೊದಲು ಡಾಂಬರು ಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ಬಂತು, ಕಾದ ತಂತಿಯದು, ಕಾದ ಧೂಳಿನದು. ಕೌದಿಗೆ ಇಂಥ ವಾಸನೆ ಇರುವುದಿಲ್ಲ. ಎಣ್ಣೆ ತಲೆಯ ವಾಸನೆ ಇರುತ್ತದೆ, ಕೂಸಿನ ಉಚ್ಚೆಯ ವಾಸನೆ ಇರುತ್ತದೆ. ಆದರೆ ಇದನ್ನು ಯಾರೂ ಹೊದ್ದವರಲ್ಲ. ಇದು ಗೋಡೆಗೆ ತೂಗಿದ್ದ ಕೌದಿ. ಅಕ್ಕೋರ ಕೌದಿ.

ಅಕ್ಕೋರು ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗೆ ಇದ್ದರು. ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಅದಕ್ಕೇ ಎಲ್ಲರಿಗೂ ಅಕ್ಕೋರು. ನಿವೃತ್ತಿಯಾದ ಮೇಲೆ ಹುಬ್ಬಳ್ಳಿ ಗದ್ದಲ ಸಾಕೆಂದು ಧಾರವಾಡಕ್ಕೆ ಬಂದರು. ಮದುವೆಯಾಗಿರಲಿಲ್ಲ. ನಾನು ಕೆಳಗೆ ಮುಂದಿನ ಖೋಲಿಯಲ್ಲಿದ್ದೆ, ಈಗಲೂ ಇದ್ದೇನೆ. ನನ್ನ ಕಸುಬು ಕೌದಿ ಹೊಲಿಯುವುದು. ಓಣಿಯ ಜನ ಹಳೆಯ ಸೀರೆ, ಹರಿದ ಧೋತರ ತಂದುಕೊಡುತ್ತಾರೆ. ನಾನು ಪದರ ಪದರವಾಗಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೊಲಿಯುತ್ತೇನೆ. ಹಿಂದಿನ ಖೋಲಿಯಲ್ಲಿ ಹಾರ್ಮೋನಿಯಂ ಕಲಿಸುವ ಮಾಸ್ತರು ಇದ್ದರು. ಬೆಳಿಗ್ಗೆ ತಂಬೂರಿ ಹಿಡಿದು ಕೂತರೆಂದರೆ ಬಾಗಿಲ ಮುಂದೆ ಯಾರೂ ಚಪ್ಪಲಿ ಸಪ್ಪಳ ಮಾಡುವಂತಿರಲಿಲ್ಲ.

ಒಂದು ದಿನ ಟೆಂಪೋದಲ್ಲಿ ಅಕ್ಕೋರ ಸಾಮಾನು ಬಂತು. ಸೊಂಟದೆತ್ತರದ ಎರಡು ಸ್ಪೀಕರು, ಎತ್ತಲಾಗದಷ್ಟು ಭಾರದ ಒಂದು ಆಂಪ್ಲಿಫೈಯರು. ಆ ಹೈ-ಫೈ ಸೆಟ್ಟು ಎಷ್ಟು ತುಟ್ಟಿಯದು ಎಂದು ಓಣಿಯೆಲ್ಲ ಮಾತಾಡಿತು. ಮಾಸ್ತರಿಗೆ ಮಾತ್ರ ಹಿಗ್ಗೋ ಹಿಗ್ಗು. "ಇಂಥಾ ಸೆಟ್ಟಿನ್ಯಾಗ ತಂಬೂರಿಯ ಒಂದೊಂದು ತಂತಿ ಬ್ಯಾರೆ ಬ್ಯಾರೆ ಕೇಳಸ್ತದ" ಎಂದು ನನಗೆ ಹೇಳಿ, ಮಡಿ ಧೋತರ ಉಟ್ಟು, ತಲೆಗೆ ಟೊಪ್ಪಿಗೆ ಇಟ್ಟು, ಸಂಗೀತದ ಬೈಠಕಿಗೆ ಹೋಗುವವರ ಹಾಗೆ ಮೇಲೆ ಹತ್ತಿದರು.

ಸ್ವಲ್ಪ ಹೊತ್ತಿಗೆ ಛತ್ತು ನಡುಗಿತು. ಮಾಸ್ತರು ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಇಳಿದು ಬಂದರು.

"ಏನಾತ್ರಿ ಮಾಸ್ತರ, ತಂಬೂರಿ ಮುಗೀತೇನು?" ಎಂದೆ.

"ತಂಬೂರಿ ಎಲ್ಲೀದವಾ! ಟ್ರ್ಯಾಕ್ಟರ್ ಅದ ಅದು. ಹಾಡಿನ್ಯಾಗ ಒಬ್ಬಾವ ಕೊಳ್ಳಾಗ ಮುಳ್ಳು ಸಿಕ್ಕಾವ್ರಂಗ ಒದರ್‍ಯಾಕತ್ಯಾನ. ರೇಷ್ಮಿ ರುಮಾಲಿನ್ಯಾಗ ಸಗಣಿ ಕಟ್ಯಾರ ನಿಮ್ಮ ಅಕ್ಕೋರು."

ನಿಮ್ಮ ಅಕ್ಕೋರು ಅಂತೆ. ಬೆಳಿಗ್ಗೆಯವರೆಗೆ ಅವರ ಅಕ್ಕೋರೇ ಆಗಿದ್ದರು.

ನಾಲ್ಕು ದಿನ ಸುಮ್ಮನಿದ್ದೆ. ಆಮೇಲೆ ಜಗಳಕ್ಕೆಂದೇ ಹತ್ತಿ ಹೋದೆ. "ಅಕ್ಕೋರ, ಮಾಡದಾಗಿನ ನನ್ನ ಚಹಾದ ವಾಟಗ ಕುಣ್ಯಾಕತ್ತಾವ" ಎಂದೆ. ಅವರು ನನ್ನ ಬಾಯಿಯನ್ನೇ ನೋಡಿದರು. ಸೆಟ್ಟು ಬಂದು ಮಾಡಿ, ಬಲಗಿವಿಯ ಹಿಂದೆ ಅಂಗೈ ಇಟ್ಟುಕೊಂಡು, "ಇನ್ನೊಮ್ಮೆ ಹೇಳ್ರಿ" ಎಂದರು.

"ಗದ್ದಲ ಬ್ಯಾಡಂತ ಬಂದೇನಿ ಅಂದಿದ್ರಿ."

"ಇದು ಗದ್ದಲ ಅಲ್ರಿ ಅಕ್ಕಾ. ಹೆವಿ ಮೆಟಲ್."

"ಹೆಸರು ಇಟ್ರ ಗದ್ದಲ ಹೋಗತೈತೇನು?"

ಅವರು ನಕ್ಕರು. ಚಹಾ ಮಾಡಿಕೊಟ್ಟರು. ಪರೀಕ್ಷೆಯ ಹೊತ್ತಿಗೆ ಒಬ್ಬ ಹುಡುಗಿಯ ಹತ್ತಿರ ಬೆಂಕಿಪೆಟ್ಟಿಗೆಯಷ್ಟರ ಒಂದು ಹಾಡಿನ ಯಂತ್ರ ಕಸಿದುಕೊಂಡಿದ್ದರಂತೆ. ಏನಿದೆ ನೋಡೋಣವೆಂದು ಸ್ಟಾಫ್ ರೂಮಿನಲ್ಲಿ ಕಿವಿಗೆ ಇಟ್ಟುಕೊಂಡರಂತೆ. ಅಲ್ಲಿಂದ ಹಿಡಿದ ಹುಚ್ಚು. "ಇಡೀ ಜಲ್ಮ ಸಾಲ್ಯಾಗ 'ಸುಮ್ನ ಕೂಡ್ರಿ, ಸುಮ್ನ ಕೂಡ್ರಿ' ಅಂತನ ಒದರೇನ್ರಿ. ಸುಮ್ನ ಕೂಡ್ರಲಾರದಾವ್ರು ಹೆಂಗಿರ್ತಾರ ಅನ್ನೂದು ಅವತ್ತ ಗೊತ್ತಾತು" ಎಂದರು.

ಆಮೇಲೆ ಖರೇ ಮಾತು ಹೇಳಿದರು. ಅವರ ಕಿವಿ ಹೋಗುತ್ತಿತ್ತು. ಸಣ್ಣ ದನಿಗಳು ಮೊದಲು ಹೋಗುತ್ತವಂತೆ. ಗುಬ್ಬಿ ಹೋದವು, ಬಳೆ ಸಪ್ಪಳ ಹೋಯಿತು, ಕುಕ್ಕರಿನ ಸೀಟಿ ಹೋಯಿತು. ಮಾಸ್ತರು ಬಯಸಿದ ತಂಬೂರಿ ಆಗಲೇ ಹೋಗಿತ್ತು. ಉಳಿದದ್ದು ಈ ಜೋರು ದನಿ ಮಾತ್ರ. ಅದೂ ಇನ್ನೆಷ್ಟು ದಿನವೋ ಗೊತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಇಷ್ಟು ಜೋರ ಕೇಳಿದ್ರ ಉಳಿದದ್ದೂ ಲಗೂ ಹೋಗೂದಿಲ್ಲೇನ್ರಿ?" ಎಂದು ಕೇಳಿದೆ. ನನಗೆ ಮುಚ್ಚಿಟ್ಟು ಮಾತಾಡಲು ಬರುವುದಿಲ್ಲ.

"ಹೋಗಬಹುದು. ಸಣ್ಣಗ ಇಟ್ರ ಇವತ್ತ ಕೇಳಾಂಗಿಲ್ಲ. ಎರಡರಾಗ ಯಾವುದು ಚಲೋ, ನೀವ ಹೇಳ್ರಿ."

ನಾನು ಚಹಾ ಕುಡಿದೆ.

ಆದರೂ ಒಂದು ಮಾತು ಉಳಿದಿತ್ತು. ಒದರುವುದನ್ನು ಕೇಳಲು ಇಷ್ಟು ತುಟ್ಟಿ ಸೆಟ್ಟು ಯಾಕೆ? ಒದರುವವನು ಸಂತೆಯ ಮೈಕಿನ ಕರ್ಣೆಯಲ್ಲೂ ಒದರುತ್ತಾನೆ. ಕೇಳಿಯೇಬಿಟ್ಟೆ. ಅವರು ಎದ್ದು ಸಣ್ಣದೊಂದು ಪ್ಲಾಸ್ಟಿಕ್ ಸ್ಪೀಕರಿನಲ್ಲಿ ಒಂದು ಹಾಡು ಹಚ್ಚಿದರು. ಹಂಚಿನ ಮೇಲೆ ಕಲ್ಲು ಸುರಿದ ಹಾಗಿತ್ತು. ನಂತರ ಅದನ್ನೇ ದೊಡ್ಡದರಲ್ಲಿ ಹಚ್ಚಿದರು. ಗಣಪತಿ ಮೆರವಣಿಗೆಯ ಡಿಜೆ ಹಾಗೆ ಎದೆಗೆ ಬಡಿಯುತ್ತದೆಂದು ಗಟ್ಟಿ ಹಿಡಿದು ಕೂತಿದ್ದೆ. ಬಡಿಯಿತು, ನಿಜ. ಆದರೆ ಬಡಿದದ್ದು ಬಡಿದಲ್ಲೇ ನಿಂತಿತು, ಮುಂದಿನದು ಬರಲು ಜಾಗ ಬಿಟ್ಟಿತು. ಡ್ರಮ್ಮು ಬಡಿಯುವವನ ಕಾಲು ಒಂದು ಕಡೆ, ಕೈ ಒಂದು ಕಡೆ. ಕಂಚಿನ ತಾಟಿಗೆ ಕೋಲು ತಾಗಿ ಅದು ನಿಧಾನ ಆರುವುದು ಕೇಳುತ್ತಿತ್ತು. ಆ ಒದರುವವನು ಒದರುವ ಮುಂಚೆ ಉಸಿರು ಎಳೆದುಕೊಂಡ. ಅದೂ ಕೇಳಿತು. ಪುಣ್ಯಾತ್ಮ, ಅವನಿಗೂ ದಮ್ಮು ಬೇಕಾಗುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಹಾಡು ನನಗೆ ಸೇರಲಿಲ್ಲ. ಇಂದಿಗೂ ಸೇರುವುದಿಲ್ಲ. ಆದರೆ ಗದ್ದಲದೊಳಗೆ ಕೆಲಸ ಇತ್ತು, ಅದನ್ನು ಇಲ್ಲವೆನ್ನಲಿಕ್ಕೆ ಬರುವುದಿಲ್ಲ.

ಎಲ್ಲ ಸಿಡಿಗಳೂ ಹಾಗಿರಲಿಲ್ಲ. ಕೆಲವು ಆ ಸೆಟ್ಟಿನಲ್ಲಿ ಇನ್ನೂ ಕೆಟ್ಟದಾಗಿ ಕೇಳುತ್ತಿದ್ದವು, ಹತ್ತಿ ಒತ್ತಿ ಒತ್ತಿ ತುಂಬಿದ ಗಾದಿಯ ಹಾಗೆ, ಎಲ್ಲಿಯೂ ಮೆತ್ತಗಿಲ್ಲ. "ಇದು ಸೆಟ್ಟಿನ ತಪ್ಪಲ್ರಿ, ಹಾಡು ತುಂಬಿದಾವ್ರ ತಪ್ಪು. ಚಲೋ ಸೆಟ್ಟು ಮುಚ್ಚಿಡಾಂಗಿಲ್ಲ" ಎಂದರು. ನನಗೆ ತಿಳಿಯಿತು. ಒಳ್ಳೆಯ ಬೆಳಕಿನಲ್ಲಿ ಕೆಟ್ಟ ಹೊಲಿಗೆ ಎದ್ದು ಕಾಣುತ್ತದೆ.

ಅದೇ ದಿನ ಕೌದಿಯ ಮಾತು ಬಂತು. ಬರಿಯ ಗೋಡೆ ದನಿಯನ್ನು ತಿರುಗಿ ಎಸೆಯುತ್ತದೆ, ಎಲ್ಲ ಕಲಸಿಹೋಗುತ್ತದೆ, ಹಿಂದಿನ ಗೋಡೆ ಮುಚ್ಚುವಷ್ಟು ದೊಡ್ಡ, ದಪ್ಪ ಕೌದಿ ಬೇಕು ಎಂದರು. ನನಗೆ ಸಿಟ್ಟು ಬಂತು. ಕೌದಿ ಮನುಷ್ಯರಿಗೆ, ಗೋಡೆಗೇನು ಚಳಿಯೇ? ಆದರೆ ನನ್ನ ವಾಟಗಗಳೂ ಸುಮ್ಮನಾಗಬಹುದು ಎಂದುಕೊಂಡು ಒಪ್ಪಿದೆ. ಅವರ ಸಾಲೆಯ ಸೀರೆಗಳೇ ಬಂದವು. ಎಲ್ಲ ಕಾಟನ್ನು, ಎಲ್ಲದರ ಸೆರಗಿಗೆ ಸೀಮೆಸುಣ್ಣದ ಪುಡಿ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕೌದಿಯ ಕಡೆಯ ಮೂಲೆ ಹೊಲಿಯುವ ಮುಂಚೆ ಅದರೊಳಗೆ ರೊಟ್ಟಿಯ ಚೂರು ಇಡಬೇಕು. ಕೌದಿ ತಾಯಿಯ ಸಮಾನ, ಅದರ ಹೊಟ್ಟೆ ತುಂಬಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ರೊಟ್ಟಿ ಹಿಡಿದುಕೊಂಡು ಮೇಲೆ ಹೋದಾಗ ಅಕ್ಕೋರು ಕೈ ಅಡ್ಡ ಹಿಡಿದರು.

"ಇದು ದನಿ ತಿನ್ನೂ ಕೌದಿ ಐತ್ರಿ ಅಕ್ಕಾ. ಇದರ ಹೊಟ್ಟಿ ನಾ ತುಂಬಸ್ತೇನಿ."

"ನಾ ಹಸದ ಕೌದಿ ಹೊಲ್ಯಾಂಗಿಲ್ಲ."

"ಹೊಲೀಬ್ಯಾಡ್ರಿ. ಮೂಲಿ ಹಂಗ ಬಿಡ್ರಿ."

ನನ್ನ ಜನ್ಮದಲ್ಲಿ ಒಂದು ಮೂಲೆ ತೆರೆದುಬಿಟ್ಟು ಕೊಟ್ಟ ಕೌದಿ ಅದೊಂದೇ. ಗೋಡೆಗೆ ತೂಗಿ, ಸೆಟ್ಟು ಹಚ್ಚಿ, ಅವರು ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಒದ್ದೆಯಾಗಿತ್ತೋ ಏನೋ, ನಾನು ಕೌದಿ ಸೊಟ್ಟಗಾಗಿದೆಯೇ ಎಂದು ನೋಡುತ್ತಿದ್ದೆ.

ಇಳಿಯುವಾಗ ಮೆಟ್ಟಿಲ ಮೇಲೆ ನಿಲ್ಲಿಸಿ ಒಂದು ಮಾತು ತೆಗೆದುಕೊಂಡರು. "ಕೇಳೂದು ನಿಂತದ್ದು ನನಗ ತಿಳ್ಯಾಂಗಿಲ್ರಿ. ಎದಿಗೆ ಬಡೀತಿರತೈತಿ, ಕೇಳಾಕತ್ತೇನಿ ಅಂತನ ತಿಳಕೊಂಡಿರ್ತೇನಿ. ಆ ದಿನ ಬಂದ್ರ ನೀವ ಹೇಳ್ರಿ. ಮಾಸ್ತರು ಮರ್ಯಾದಿ ಮನಿಷ್ಯಾ, ಹೇಳಾಂಗಿಲ್ಲ. ನೀವು ಹೇಳ್ತೀರಿ." ಹೂಂ ಅಂದೆ. ಇಂಥ ಕೆಲಸಕ್ಕೆ ನನ್ನನ್ನೇ ಆರಿಸಿದ್ದಕ್ಕೆ ಹೆಮ್ಮೆ ಪಡಬೇಕೋ ಬೇಡವೋ ತಿಳಿಯಲಿಲ್ಲ.

ಆಮೇಲೆ ಮಧ್ಯಾಹ್ನಕ್ಕೊಂದೇ ಸಿಡಿ ಎಂದು ಗೊತ್ತು ಮಾಡಿಕೊಂಡರು. ಕೌದಿ ನಿಜವಾಗಿಯೂ ದನಿ ತಿಂದಿತು, ಅಷ್ಟಿಷ್ಟು. ನಾನು ಕೆಳಗೆ ಕೂತು ಹೊಲಿಯುತ್ತ ಕೇಳುವುದು ರೂಢಿಯಾಯಿತು. ಮಾಸ್ತರು ಒಮ್ಮೆ ತಮ್ಮ ಖಯಾಲಿನ ಸಿಡಿ ತಂದು, ಸಣ್ಣ ಮುಖ ಮಾಡಿಕೊಂಡು, ಒಂದೇ ಸಾರಿ ಹಚ್ಚಿ ನೋಡೋಣವೇ ಎಂದು ಕೇಳಿದರು. ಅಕ್ಕೋರು ಹಚ್ಚಿದರು. ಮಾಸ್ತರು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಅಕ್ಕೋರು ಮಾಸ್ತರ ಮುಖ ನೋಡುತ್ತ ಕೂತಿದ್ದರು. ಮುಗಿದ ಮೇಲೆ "ಹೆಂಗಿತ್ರಿ?" ಎಂದು ಕೇಳಿದವರು ಅಕ್ಕೋರೇ. ಆ ದಿನದಿಂದ ಮಾಸ್ತರು ಸಗಣಿಯ ಮಾತು ಎತ್ತಲಿಲ್ಲ.

ಹೀಗೆ ಒಂದೆರಡು ವರ್ಷ ನಡೆಯಿತೋ, ಇನ್ನೂ ಹೆಚ್ಚೋ... ಒಂದು ಮಧ್ಯಾಹ್ನ ನಾನು ಕೌದಿಗೆ ಗೆರೆ ಹಾಕುತ್ತಿದ್ದೆ. ಮೇಲೆ ಹಾಡು ಶುರುವಾಯಿತು. ಕೈ ನಿಂತಿತು. ಒಡಕು ಮಡಕೆ ಬಡಿದ ಹಾಗೆ, ಒಂದೊಂದು ಪೆಟ್ಟಿಗೂ ಬರ್ರ್ ಎಂದು ಹರಿಯುವ ಸಪ್ಪಳ. ಈಗ ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದು ಕಾದೆ. ನಿಲ್ಲಿಸಲಿಲ್ಲ. ಮಾಸ್ತರೂ ಬಾಗಿಲಿಗೆ ಬಂದು ನಿಂತಿದ್ದರು. ನನ್ನ ಮುಖ ನೋಡಿ ತಲೆ ತಗ್ಗಿಸಿ ಒಳಗೆ ಹೋದರು. ಕೈಯಲ್ಲಿದ್ದ ಸೀಮೆಸುಣ್ಣ ಇಡುವುದನ್ನೂ ಮರೆತು ನಾನು ಮೆಟ್ಟಿಲು ಹತ್ತಿದೆ.

ಅಕ್ಕೋರು ನೆಲದ ಮೇಲೆ ಕೂತು ಎಡಗಡೆಯ ಸ್ಪೀಕರಿಗೆ ಅಂಗೈ ಒತ್ತಿಕೊಂಡಿದ್ದರು. ಮುಖ ಸಮಾಧಾನವಾಗಿತ್ತು. ಆ ಸ್ಪೀಕರಿನೊಳಗಿನ ಕಾಗದದಂಥ ಬಟ್ಟಲು ಅಂಚಿನಲ್ಲಿ ಹರಿದು, ಪೆಟ್ಟಿಗೊಮ್ಮೆ ನಾಲಿಗೆಯ ಹಾಗೆ ಅಲ್ಲಾಡುತ್ತಿತ್ತು.

"ಅಕ್ಕೋರ, ಹರದೈತಿ" ಎಂದೆ. ಕೇಳಲಿಲ್ಲ. ಒದರಿದೆ. "ಹೂಂ, ಚಲೋ ಐತೆಲ್ಲ?" ಎಂದು ನಕ್ಕರು.

ಹಾಗೇ ಇಳಿದು ಬರಬಹುದಿತ್ತು. ಆದರೆ ಮಾತು ಕೊಟ್ಟಿದ್ದೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಗೆರೆ ಎಳೆಯಲು ಬರುವಷ್ಟು ಅಕ್ಷರ ಬರೆಯಲು ಬರುವುದಿಲ್ಲ. ಗೋಡೆಯ ಕೌದಿಯ ಮೇಲೆ ಆ ಸುಣ್ಣದಿಂದಲೇ ದೊಡ್ಡದಾಗಿ ಬರೆದೆ: ಎಡ ಹರದೈತಿ.

ಅಕ್ಕೋರು ಓದಿದರು. ಸ್ಪೀಕರಿನ ಕಡೆ ಬಗ್ಗಿ ಹರಿದ ಅಂಚು ನೋಡಿದರು. ಎದ್ದು ಸೆಟ್ಟು ಬಂದು ಮಾಡಿದರು.

"ಯಾವಾಗಿಂದ?"

ಇವತ್ತಿನಿಂದ ಎಂದು ಕೈಯಿಂದ ತೋರಿಸಿದೆ. ಅದು ಖರೇನೇ ಆಗಿತ್ತು.

"ನೀವು ಹೊಲೀತೀರೇನು?" ಎಂದು ಕೇಳಿದರು. ಚಾಷ್ಟಿಯೋ ನಿಜವೋ ತಿಳಿಯಲಿಲ್ಲ. ಕಾಗದ ಹೊಲಿದರೆ ಇನ್ನಷ್ಟು ಹರಿಯುತ್ತದೆ ಎಂದು ತಲೆ ಅಲ್ಲಾಡಿಸಿದೆ. "ಹೇಳಿದ್ದು ಚಲೋ ಆತ್ರಿ ಅಕ್ಕಾ" ಎಂದರು. ಆಮೇಲೆ ಇಬ್ಬರೂ ಚಹಾ ಕುಡಿದೆವು. ಬೇರೇನೂ ಆಗಲಿಲ್ಲ. ಅವರು ಅಳಲಿಲ್ಲ, ನಾನೂ ಅಳಲಿಲ್ಲ. ಖೋಲಿ ಮಾತ್ರ ಎಷ್ಟು ದೊಡ್ಡದಿತ್ತೆಂದು ಅವತ್ತೇ ಕಂಡಿತು.

ಮತ್ತೆ ಅವರು ಸೆಟ್ಟು ಹಚ್ಚಲಿಲ್ಲ. ಹುಬ್ಬಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋಗುವಾಗ ಅದನ್ನು ಮಾಸ್ತರಿಗೆ ಕೊಟ್ಟರು, ಕೌದಿಯನ್ನು ನನಗೆ. ಮಾಸ್ತರು ಸ್ಪೀಕರು ರಿಪೇರಿ ಮಾಡಿಸಿ ತಂಬೂರಿ, ಖಯಾಲು ಕೇಳಿದರು. ಚೆನ್ನಾಗಿಯೇ ಇರುತ್ತಿತ್ತು. ಆದರೆ ನನಗೆ ಹೇರು ಹೊರುವ ಎತ್ತಿನ ಹೆಗಲಿಗೆ ಹೂವಿನ ಬುಟ್ಟಿ ಏರಿಸಿದ ಹಾಗೆ ಅನಿಸುತ್ತಿತ್ತು. ಆ ಎತ್ತಿಗೆ ಭಾರ ಬೇಕಿತ್ತು. ಮಾಸ್ತರಿಗೆ ಇದನ್ನು ಹೇಳಿದೆ. "ನಿನಗೇನು ತಿಳೀತದವಾ" ಎಂದರು. ಈಗ ಮಾಸ್ತರೂ ಇಲ್ಲ.

ಅಕ್ಕೋರು ಹೋದ ಸುದ್ದಿ ಅವರ ತಂಗಿ ಹೇಳಿ ಕಳಿಸಿದಾಗ ಮಣ್ಣು ಆಗಿ ಎಷ್ಟೋ ದಿನವಾಗಿತ್ತು. ಕಡೆಕಡೆಗೆ ಕೈಸನ್ನೆಯಿಂದಲೇ ಮಾತಾಡುತ್ತಿದ್ದರಂತೆ, ಕೆಲವೊಮ್ಮೆ ಊಟದ ತಾಟಿನ ಮೇಲೆ ಬೆರಳಿನಿಂದ ಬಡಿಯುತ್ತ ಕೂಡುತ್ತಿದ್ದರಂತೆ.

ಕೌದಿಯನ್ನು ಬಿಸಿಲಿಗೆ ಹಾಕಿದೆ. ನಾನು ಬರೆದದ್ದು ಮಾಸಿದೆ, ಅಳಿಸಿಲ್ಲ. ತೆರೆದ ಮೂಲೆಯಲ್ಲಿ ಕೈ ಹಾಕಿ ನೋಡಿದೆ. ಏನೂ ಇರಲಿಲ್ಲ. ಏನಿರುತ್ತದೆ? ಇದರ ಹೊಟ್ಟೆ ತುಂಬಿಸುತ್ತೇನೆ ಎಂದವರು ಆದಷ್ಟು ದಿನ ತುಂಬಿಸಿದರು. ಮೇಲಿನ ಖೋಲಿಯಲ್ಲಿ ಈಗ ಪರೀಕ್ಷೆಗೆ ಓದುವ ಹುಡುಗಿಯರಿದ್ದಾರೆ, ಸಪ್ಪಳವೇ ಇಲ್ಲ.

ಒಳಗೆ ಹೋಗಿ ನಿನ್ನೆಯ ರೊಟ್ಟಿಯ ಒಂದು ಚೂರು ಮುರಿದು ತಂದೆ. ಮೂಲೆಯೊಳಗೆ ಇಟ್ಟು ಹೊಲಿದುಬಿಟ್ಟೆ.