ಒಂದೇ ಕಡೆ ಸವೆಯುವ ಬ್ರೇಕು

ಬೈಕಿಗೆ ಮುಂದೆ ಡಿಸ್ಕ್ ಬ್ರೇಕು ಇರುವುದೇ ದೊಡ್ಡಸ್ತಿಕೆಯಾಗಿದ್ದ ಕಾಲ ಅದು. ಎರಡು ಸಾವಿರದ ಐದೋ ಆರೋ ಇರಬೇಕು. ನಾವು ಗೌರಿಬಿದನೂರಿನಲ್ಲಿದ್ದೆವು. ರೇಷ್ಮೆ ಸಾಕುವವರ ಮನೆಗಳಿಗೆ ಅಲೆಯುವುದು ನನ್ನ ಕೆಲಸ. ಹುಳು ನೋಡಬೇಕು, ಸೊಪ್ಪು ನೋಡಬೇಕು, ರೋಗ ಬಂದರೆ ಬೈಸಿಕೊಳ್ಳಬೇಕು. ಹೆಂಡತಿಗೆ ಎಷ್ಟೋ ವರ್ಷ ಕಾದ ಮೇಲೆ ಟೀಚರ್ ಕೆಲಸ ಸಿಕ್ಕಿತ್ತು. ಸಿಕ್ಕಿದ್ದು ನಗರಗೆರೆಯಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಲ್ಲಿ.

ಅಲ್ಲಿಗೆ ಹೋಗುವ ಬಸ್ಸು ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡು ಅರ್ಧ ಆದ ಮೇಲೆ ತಲುಪುತ್ತಿತ್ತು. ಅವಳದು ಇನ್ನೂ ಪ್ರೊಬೇಷನ್, ದಿನಾ ತಡವಾಗಿ ಹೋಗುವ ಹಾಗಿಲ್ಲ. ಅಲ್ಲೇ ಮನೆ ಮಾಡೋಣವೆಂದರೆ ನನ್ನ ಅಮ್ಮ ಗೌರಿಬಿದನೂರು ಬಿಟ್ಟು ಅಲ್ಲಾಡುವವಳಲ್ಲ. ಸೊಸೆ ಕೆಲಸಕ್ಕೆ ಹೋಗುವುದು ಅವಳಿಗೆ ಮೊದಲಿಂದಲೂ ಹಿಡಿಸಿರಲಿಲ್ಲ. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ನಾನು ದಿನಾ ಬೈಕಿನಲ್ಲಿ ಬಿಟ್ಟುಬರುವಷ್ಟು ಕಾಲ ಅವಳು ಹೋಗಲಿ, ಆಗದಿದ್ದ ದಿನ ಕೆಲಸ ಬಿಟ್ಟುಬಿಡಲಿ. ಅಂದರೆ ಅವಳ ಕೆಲಸ ನನ್ನ ಬೈಕಿನ ಮೇಲೆ ನಿಂತಿತ್ತು.

ಆ ಬೈಕೋ, ಹೊಸ ರಗಳೆ ಶುರುವಿಟ್ಟುಕೊಂಡಿತು. ಅವಳ ಶಾಲೆಗೆ ಸ್ವಲ್ಪ ಮುಂಚೆ ಕೆರೆ ಕಟ್ಟೆ ಇಳಿಯುವ ಕಡೆ ಬ್ರೇಕ್ ಹಿಡಿದರೆ ಕಿರ್ರೆಂದು ಕಬ್ಬಿಣ ಉಜ್ಜುವ ಸದ್ದು. ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ಡಿಸ್ಕಿನ ಎರಡು ಪಕ್ಕದಲ್ಲಿ ಎರಡು ಪ್ಯಾಡ್ ಇರುತ್ತವಲ್ಲ, ಹೊರಗಿನದು ಹೊಸದರ ಹಾಗೇ ಇತ್ತು. ಒಳಗಿನದು ಪೂರಾ ಸವೆದು ಕಬ್ಬಿಣ ಬಂದುಬಿಟ್ಟಿತ್ತು. ನೀವು ಬ್ರೇಕು ಜಾಸ್ತಿ ಹಿಡೀತೀರ ಅಂತ ನನಗೇ ಬುದ್ಧಿ ಹೇಳಿ ಹೊಸ ಜೊತೆ ಹಾಕಿ ಕಳಿಸಿದ. ಜಾಸ್ತಿ ಹಿಡಿದರೆ ಎರಡೂ ಸವೆಯಬೇಕಲ್ಲಯ್ಯಾ ಎಂದು ಕೇಳುವಷ್ಟೂ ತಾಳ್ಮೆ ನನಗಿರಲಿಲ್ಲ.

ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಸದ್ದು, ಅದೇ ಒಳಗಿನ ಪ್ಯಾಡು. ಮೀಟಿಂಗಿಗೆ ಚಿಕ್ಕಬಳ್ಳಾಪುರಕ್ಕೆ ಹೋದಾಗ ಅಲ್ಲಿ ತೋರಿಸಿದೆ. ಲೋಕಲ್ ಮಾಲು ಹಾಕಿದ್ದಾರೆ, ಕಂಪನಿಯದು ಹಾಕಿಸಿ ಅಂದರು. ಹಾಕಿಸಿದೆ, ಅದೂ ಸವೆಯಿತು. ಚಿಂತಾಮಣಿಯಲ್ಲಿ ಡಿಸ್ಕೇ ಬಾಗಿದೆ ಅಂದರು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಂತೂ ಗೂಡು ತಂದ ರೈತರೆಲ್ಲ ಬೈಕಿನ ಸುತ್ತ ಕುಕ್ಕರುಗಾಲಿನಲ್ಲಿ ಕೂತು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬ ಹಿರಿಯರು, ಸಂಸಾರವೂ ಹಿಂಗೇ ಸಾರ್, ಒಬ್ರೇ ಸವೆಯೋದು ಎಂದು ವೇದಾಂತಕ್ಕೆ ಇಳಿದರು. ಅದನ್ನು ಕೇಳಿಸಿಕೊಳ್ಳುವ ತ್ರಾಣವೂ ಇಲ್ಲದೆ ಗಾಡಿ ಸ್ಟಾರ್ಟ್ ಮಾಡಿಕೊಂಡು ಬಂದೆ.

ಆ ದಿನಗಳಲ್ಲಿ ನನಗೆ ಎಷ್ಟು ಸುಸ್ತಾಗುತ್ತಿತ್ತೆಂದರೆ, ಬೆಳಿಗ್ಗೆ ಎದ್ದು ಬೈಕಿನ ಕಡೆ ನೋಡಿದರೇ ಮೈಯೆಲ್ಲ ಭಾರವಾಗುತ್ತಿತ್ತು. ಅವಳನ್ನು ಬಿಡುವುದು, ಹುಳುಮನೆಗಳನ್ನು ಸುತ್ತುವುದು, ಸಂಜೆ ಯಾವನಾದರೂ ಮೆಕ್ಯಾನಿಕ್ಕಿನ ಮುಂದೆ ಕಾಯುವುದು, ಮನೆಗೆ ಬಂದು ಅಮ್ಮನ ಮುಖ ನೋಡುವುದು. ಸಾಕಪ್ಪಾ ಅನ್ನಿಸಿಬಿಟ್ಟಿತ್ತು.

ದಸರಾ ರಜೆ ಶುರುವಾಗುವ ಹಿಂದಿನ ದಿನ ಅದೇ ಕಟ್ಟೆಯ ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಲಿವರ್ ಹ್ಯಾಂಡಲ್ಲಿಗೆ ತಾಗುವವರೆಗೂ ಬಂತು, ಹಿಂದಿನ ಬ್ರೇಕೊಂದಕ್ಕೇ ಗಾಡಿ ನಿಲ್ಲಲಿಲ್ಲ. ಕುರಿಗಳನ್ನು ತಪ್ಪಿಸಲು ಹೋಗಿ ಜಾಲಿಪೊದೆಗೆ ನುಗ್ಗಿಸಿ ಇಬ್ಬರೂ ಬಿದ್ದೆವು. ನನ್ನ ಮಂಡಿ ತರಚಿತು. ಅವಳ ಸೀರೆ ಹರಿಯಿತು, ಮೊಣಕೈಯಲ್ಲಿ ರಕ್ತ ಬಂತು, ಡಬ್ಬಿಯ ಚಿತ್ರಾನ್ನ ಮಣ್ಣುಪಾಲಾಯಿತು. ಅವಳು ಎದ್ದು ಸೀರೆ ಕೊಡವಿಕೊಂಡು, ಹೊತ್ತಾಗುತ್ತೆ ಎಂದು ನಡೆದೇ ಶಾಲೆಗೆ ಹೋದಳು.

ಸಂಜೆ ಮೊಣಕೈ ನೋಡಿದ ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ರಜೆ ಮುಗಿದ ಮೇಲೆ ಹೋಗೋದು ಬೇಡ ಎಂದಷ್ಟೇ ಹೇಳಿ ಒಳಗೆ ಹೋದಳು. ಹೆಂಡತಿ ತಲೆ ಬಗ್ಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಏನಾದರೂ ಹೇಳೇ ಎಂದೆ. ನೀವೇ ಹೇಳಿ ಎಂದಳು.

ರಜೆಯಲ್ಲಿ ಒಂದು ಭಾನುವಾರ, ಇನ್ನು ಯಾರ ಕೈಕಾಲೂ ಹಿಡಿಯುವುದು ಬೇಡವೆಂದು ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ನಾನೇ ಬಿಚ್ಚಲು ಕೂತೆ. ಪ್ಯಾಡುಗಳನ್ನು ಹಿಡಿದಿರುವ ಕಬ್ಬಿಣದ ದವಡೆ ಎರಡು ಪಿನ್ನುಗಳ ಮೇಲೆ ಸರಾಗವಾಗಿ ಆಚೀಚೆ ಜಾರಬೇಕು. ಜಾರಿದರೆ ತಾನೆ ಎರಡೂ ಕಡೆ ಸಮನಾಗಿ ಹಿಡಿಯುವುದು. ಇದು ಜಾರುವುದಿರಲಿ, ಸುತ್ತಿಗೆಯಲ್ಲಿ ತಟ್ಟಿದರೂ ಜಪ್ಪಯ್ಯ ಅನ್ನಲಿಲ್ಲ. ಒಳಗಿನ ಪ್ಯಾಡೊಂದೇ ಎಲ್ಲ ಭಾರ ಹೊತ್ತಿತ್ತು. ಪಿನ್ನಿನ ಸುತ್ತ ಬೆಳ್ಳಗೆ ಏನೋ ಗಟ್ಟಿಯಾಗಿ ಕಟ್ಟಿಕೊಂಡು, ಕೆಳಗೆಲ್ಲ ತುಕ್ಕು ಹಿಡಿದಿತ್ತು. ಮಳೆನೀರಿನ ತುಕ್ಕು ಹೀಗಿರುವುದಿಲ್ಲವಲ್ಲ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಹೆಂಡತಿ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದವಳು ಎದ್ದು ಬಂದಳು. ಕೈಯಲ್ಲಿ ನನ್ನ ಡ್ಯೂಟಿ ಪ್ಯಾಂಟಿತ್ತು. ಕಾಲಿನ ಅಂಚೆಲ್ಲ ಬಣ್ಣ ಹೋಗಿ, ಮುಟ್ಟಿದರೆ ಪಿಸಿಯುವಂತಾಗಿತ್ತು. ಬಗ್ಗಿ ಆ ಪಿನ್ನನ್ನು ಮೂಸಿದಳು, ಆಮೇಲೆ ಪ್ಯಾಂಟನ್ನು ಮೂಸಿದಳು.

"ಎರಡೂ ಒಂದೇ ವಾಸನೆ ಕಣ್ರೀ. ಪ್ಯಾಂಟು ತಿಂದಿರೋದೇ ಇದನ್ನೂ ತಿಂದಿದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ಬ್ಲೀಚಿಂಗ್ ಪುಡಿ. ಒಂದು ಮನೆಯ ಹುಳುವಿನ ರೋಗ ಇನ್ನೊಂದು ಮನೆಗೆ ಅಂಟಬಾರದೆಂದು ಹುಳುಮನೆಯ ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಚೆಲ್ಲಿರುತ್ತಾರೆ, ಅದನ್ನು ತುಳಿದೇ ಒಳಗೆ ಹೋಗಬೇಕು. ಮನೆಯಿಂದ ಮನೆಗೆ ಅಲೆಯುವ ನನ್ನ ಗಾಡಿಯ ಚಕ್ರಕ್ಕೂ ಹಾಕಿ ಎಂದು ಊರೂರಲ್ಲಿ ಗಂಟಲು ಹರಿದುಕೊಂಡು ಹೇಳಿದವನು ನಾನೇ. ನಮ್ಮ ಜನ ಒಂದು ಮಾತು ನಂಬಿದರೆ ಮುಗಿಯಿತು. ಅಲೀಪುರದ ಕಡೆಯಿಂದ ನಗರಗೆರೆಯವರೆಗೆ ಎಲ್ಲಿ ಗಾಡಿ ನಿಲ್ಲಿಸಿದರೂ ಹೆಂಗಸರು ಮೊರದಲ್ಲಿ ಪುಡಿ ತಂದು ಚಕ್ರಕ್ಕೆ ಎರಚುತ್ತಿದ್ದರು. ಸಾಹೇಬರ ಗಾಡಿ ಎಂಬ ಮರ್ಯಾದೆಗೆ ಇನ್ನೊಂದು ಹಿಡಿ ಜಾಸ್ತಿ. ಮೇಲೆ ನೀರೂ ಚಿಮುಕಿಸುತ್ತಿದ್ದರು. ಇದನ್ನು ಯಾವ ಮೆಕ್ಯಾನಿಕ್ ತಾನೆ ಊಹಿಸಿಯಾನು.

ಇಬ್ಬರೂ ಸೇರಿ ದವಡೆಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದೆವು. ಪಿನ್ನು ಕಿತ್ತು, ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ, ಹೊಸ ರಬ್ಬರು, ಹೊಸ ಪ್ಯಾಡು ಹಾಕಿದೆವು. ದವಡೆ ಬೆರಳಲ್ಲಿ ತಳ್ಳಿದರೆ ಜಾರಿತು. ನನಗಿಂತ ಅವಳೇ ಹೆಚ್ಚು ಸಲ ತಳ್ಳಿ ನೋಡಿದಳು.

ಮಾರನೆಯ ದಿನದಿಂದ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಹೊಲದ ದಾರಿಯಲ್ಲಿ ನಡೆದು ಹೋಗತೊಡಗಿದೆ. ಗಡಿಯ ಕಡೆಯ ಒಂದು ಹುಳುಮನೆಯ ಯಜಮಾನಿಗೆ ಅದು ಅವಮಾನವಾಯಿತು. ನಮ್ಮನೆ ಮುಂದೆ ಬಂಡಿ ನಿಲ್ಲಿಸೋಕೂ ಆಗಲ್ವಾ ಎಂದು ಮೂತಿ ತಿರುವಿದಳು. ನಾನು ಒಳಗೆ ಹುಳು ನೋಡುತ್ತಿರುವಾಗ ಆಯಮ್ಮ ಮೊರ ಹಿಡಿದುಕೊಂಡು ರಸ್ತೆಗೇ ಹೊರಟಿದ್ದಳು. ಓಡಿಹೋಗಿ ಅಡ್ಡ ನಿಂತು, ಕೈಮುಗೀತೀನಿ ತಾಯಿ, ಗಾಡಿ ಒಂದು ಬಿಟ್ಟುಬಿಡಿ ಎಂದೆ. ಹಾಕದೇ ಹೋದರೆ ಪುರುಗುಲು ಚಚ್ಚಿಪೋತಾಯಿ ಎಂದು, ಹುಳು ಸಾಯುತ್ತವೆಂದು ನಾನು ಹೇಳಿಕೊಟ್ಟಿದ್ದನ್ನೇ ತೆಲುಗಿನಲ್ಲಿ ನನಗೆ ಒಪ್ಪಿಸಿದಳು. ಒಳಗೆ ಬರುವ ನನ್ನ ಕಾಲಿಗೆ ಬೇಕಾದಷ್ಟು ಹಾಕಿಕೊಳ್ಳಿ ಎಂದು ಹೇಳಿ ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ರಜೆ ಮುಗಿಯಿತು. ಆ ಬೆಳಿಗ್ಗೆ ಅವಳು ಬ್ಯಾಗು ಹಾಕಿಕೊಂಡು ಹೊರಬಂದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬ್ರೇಕು ಸರಿಯಾಗಿದೆಯಮ್ಮಾ, ನಾನೇ ಮಾಡಿದ್ದೀನಿ ಎಂದೆ. ಅಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಕಟ್ಟೆಯ ಇಳಿಜಾರು ಬಂತು. ಬೇಕೆಂದೇ ಬ್ರೇಕ್ ಒತ್ತಿದೆ. ಸದ್ದಿಲ್ಲದೆ, ಎಲ್ಲೂ ಎಳೆಯದೆ ಗಾಡಿ ನಿಂತಿತು. ಎಷ್ಟೋ ದಿನದ ಮೇಲೆ ನನಗೆ ಖುಷಿಯಾಯಿತು, ನೋಡಿದ್ಯಾ ಎಂದೆ.

ಶಾಲೆಯ ಗೇಟಿನ ಹತ್ತಿರ ಇಳಿದವಳು ಹೆಜ್ಜೆ ಎತ್ತಲಾಗದೆ ಸೀಟು ಹಿಡಿದು ನಿಂತಳು. ಕಾಲಿನ ಮೀನಖಂಡ ಗಂಟು ಕಟ್ಟಿಕೊಂಡಿತ್ತು. ಬಿದ್ದಾಗ ಪೆಟ್ಟಾಗಿತ್ತಾ, ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಪೆಟ್ಟಲ್ಲ ಕಣ್ರೀ. ಮೊದಲನೇ ಸಲ ಕಿರ್ರ್ ಅಂದಾಗಿಂದಾನೂ ಹಿಂಗೇ. ಇಳಿಜಾರು ಬಂದ್ರೆ ಹಿಂದೆ ಕೂತು ನಾನೂ ಕಾಲಲ್ಲಿ ಬ್ರೇಕ್ ಒತ್ತುತಾ ಇರ್ತೀನಿ."

ದಿನಾ ನನ್ನ ಹಿಂದೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತು, ಫುಟ್‌ರೆಸ್ಟನ್ನು ಬ್ರೇಕಿನಂತೆ ತುಳಿಯುತ್ತಿದ್ದಳು ಇವಳು. ಸುಸ್ತಾಗಿರುವವನು ನಾನೊಬ್ಬನೇ ಅಂದುಕೊಂಡಿದ್ದೆ. ಈಗ ಸರಿಹೋಗಿದೆಯಲ್ಲೇ, ಇನ್ನು ಒತ್ತಬೇಡ ಎಂದೆ.

"ನಂಗೆ ಗೊತ್ತು. ಕಾಲಿಗೆ ಗೊತ್ತಾಗ್ಬೇಕಲ್ಲ" ಎಂದು ಕುಂಟುತ್ತಲೇ ಒಳಗೆ ಹೋದಳು. ಪ್ರಾರ್ಥನೆ ಇನ್ನೂ ಶುರುವಾಗಿರಲಿಲ್ಲ.