ನಮ್ಮ ಕಂಪನಿ ಮಾಲು

ಶಿಕಾರಿಪುರದ ನಮ್ಮ ಪಕ್ಕದ ಮನೆಯವರು ಟೈರಿನ ವಾಲ್ವ್ ಮಾಡುವ ಕಂಪನಿಯಲ್ಲಿ ದುಡಿದು ನಿವೃತ್ತರಾಗಿ ಬಂದವರು. ಒಂದೇ ಲೇತಿನಲ್ಲಿ ಹಿತ್ತಾಳೆ ಕೊರೆಯುತ್ತ ಶುರುವಾದ ಕಂಪನಿ ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ವಾಲ್ವ್ ಕೊಡುವಷ್ಟು ಬೆಳೆದದ್ದನ್ನು ಸ್ವಂತ ಮನೆತನದ ಕಥೆಯಂತೆ ಹೇಳುತ್ತಿದ್ದರು. ಯಾರ ಗಾಡಿ ಕಂಡರೂ ಬಗ್ಗಿ, ವಾಲ್ವಿನ ಮುಚ್ಚಳ ಬಿಚ್ಚಿ, ಎಂಜಲು ಹಚ್ಚಿದ ಬೆರಳನ್ನು ಅದಕ್ಕೆ ತಾಗಿಸುವರು. ಗುಳ್ಳೆ ಏಳದಿದ್ದರೆ ಎದ್ದು ನಿಂತು, “ನಮ್ಮ ಕಂಪನಿ ಮಾಲು ರೀ, ಸೋರಂಗಿಲ್ಲ!” ಎನ್ನುವರು.

ತಂಗಿಯನ್ನು ಹೆರಿಗೆಗೆ ಸೇರಿಸಿದ್ದಾರೆಂದು ಫೋನ್ ಬಂದ ದಿನ ನಾನು ಸೊರಬಕ್ಕೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಬೈಕಿನ ಗಾಳಿ ಇಳಿಯಿತು. ಹಿಂದೆಯೇ ತಮ್ಮದೇ ಬೈಕಿನಲ್ಲಿ ಬರುತ್ತಿದ್ದ ಪಕ್ಕದ ಮನೆಯವರು ನಿಲ್ಲಿಸಿ, ಬಗ್ಗಿ, ಬೆರಳು ತಾಗಿಸಿದರು. ಗುಳ್ಳೆ ಎದ್ದಿತು. ವಾಲ್ವಿನ ಮೇಲಿನ ಕಂಪನಿ ಗುರುತನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು.

“ಡೂಪ್ಲಿಕೇಟ್ ಇರಬೇಕು,” ಎಂದೆ.

“ಏ, ನಮ್ಮದೇ ರೀ,” ಎಂದರು.

ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ನು ಕೆಟ್ಟಿತ್ತು; ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ತಮ್ಮ ಬೈಕಿನ ಪಿನ್ನು ಬಿಚ್ಚಿದರು. ಭುಸ್ಸೆಂದು ಗಾಳಿ ಹೋಯಿತು. ಅದನ್ನು ನನ್ನ ಟೈರಿಗೆ ಹಾಕಿ, ಜತೆಗಿಟ್ಟುಕೊಂಡಿದ್ದ ಕೈಪಂಪಿನಿಂದ ಗಾಳಿ ತುಂಬಿದರು.

“ಹೊರಡ್ರಿ, ತಂಗಿ ಕಾಯ್ತಿರ್ತಾಳೆ.”

ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಚಪ್ಪಟೆ ಟೈರಿನ ಬೈಕನ್ನು ತಳ್ಳಿಕೊಂಡು ಹೋಗುತ್ತಿದ್ದವರು ಕೈಯೆತ್ತಿ ಕೂಗಿದರು: “ನಮ್ಮ ಕಂಪನಿ ಮಾಲು ರೀ, ಸೋರಂಗಿಲ್ಲ!”